ತಾರೀಖು ಇಲ್ಲದ ರಕ್ಷಣೆ

ತಮ್ಮಾ, ನಿನ್ನ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿದ್ದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನೀನು ವಿದ್ಯಾನಗರದಲ್ಲಿ ಗೆಳೆಯರ ಜೊತೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ, ಅಲ್ಲಿ ಒಬ್ಬರು ‘ನೀನು ರಕ್ಷಣೆ ಹೊಂದಿದ ತಾರೀಖು ಯಾವುದು?’ ಎಂದು ಕೇಳಿದರು, ಎಲ್ಲರೂ ತಂತಮ್ಮ ದಿನ ಹೇಳುವಾಗ ನಿನಗೆ ಹೇಳಲು ಏನೂ ಇರಲಿಲ್ಲ ಅಂದೆ. ಕೂಸಿದ್ದಾಗ ದೀಕ್ಷಾಸ್ನಾನ ಆಗಿದೆ, ಹದಿನಾರಕ್ಕೆ ದೃಢೀಕರಣ ಆಗಿದೆ, ಸಂಡೇ ಸ್ಕೂಲಿನಲ್ಲಿ ಬಹುಮಾನವೂ ಬಂದಿದೆ. ಆದರೆ ‘ಆ ದಿನ’ ಅಂತ ಒಂದು ನಿನ್ನ ಹತ್ತಿರ ಇಲ್ಲ. ರಾತ್ರಿ ನಿದ್ದೆ ಹತ್ತಲಿಲ್ಲ ಅಂದೆಯಲ್ಲ, ಅದನ್ನು ಕೇಳಿ ಸಂಕಟವಾಯಿತು, ಒಳಗೊಳಗೆ ಸಂತೋಷವೂ ಆಯಿತು. ಈ ಪ್ರಶ್ನೆಗೆ ನಿದ್ದೆಗೆಡುವ ಹುಡುಗರು ನಮ್ಮ ಹಳೆಯ ಬಾಸೆಲ್ ಮಿಷನ್ ಮನೆತನಗಳಲ್ಲಿ ಕಡಿಮೆಯಾಗುತ್ತಿದ್ದಾರೆ.

ಮೊದಲು ತಾರೀಖಿನ ಮಾತು. ದಿನ ಗೊತ್ತಿರುವವರು ಇದ್ದಾರೆ, ಅವರ ಸಾಕ್ಷಿಯನ್ನು ಹಗುರವಾಗಿ ಕಾಣಬೇಡ. ಪೌಲ ದಮಸ್ಕದ ದಾರಿಯಲ್ಲಿ ನಡುಹಗಲು ಕಂಡ ಬೆಳಕಿಗೆ ನೆಲಕ್ಕೆ ಬಿದ್ದ. ಇಂಗ್ಲೆಂಡಿನ ಜಾನ್ ವೆಸ್ಲಿಯವರು 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಚಿಕ್ಕ ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿರುವಾಗ, ತಮ್ಮೊಳಗೆ ಆದ ಬದಲಾವಣೆಯನ್ನು ಗಂಟೆ ಸಮೇತ ದಿನಚರಿಯಲ್ಲಿ ಬರೆದಿಟ್ಟರು. ಆದರೆ ಅದೇ ಪೌಲ ತನ್ನ ಮಗನಂತೆ ನೋಡಿಕೊಂಡ ತಿಮೊಥೆಯನ ಕಥೆ ನೋಡು. ಅವನಿಗೆ ದಮಸ್ಕದ ದಾರಿಯಿಲ್ಲ, ಬೆಳಕಿಲ್ಲ, ಬಿದ್ದದ್ದಿಲ್ಲ. ಅಜ್ಜಿ ಲೋವಿಯಲ್ಲಿದ್ದ ನಂಬಿಕೆ ತಾಯಿ ಯೂನಿಕೆಗೆ ಬಂತು, ತಾಯಿಯಿಂದ ಮಗನಿಗೆ ಬಂತು. ಎಳವೆಯಿಂದಲೇ ಅವನಿಗೆ ಗ್ರಂಥಗಳು ಗೊತ್ತಿದ್ದವು ಎಂದು ಪೌಲನೇ ಮೆಚ್ಚಿ ಬರೆಯುತ್ತಾನೆ. ತಾರೀಖು ಕೊಡು ಎಂದು ಎಲ್ಲಿಯೂ ಕೇಳುವುದಿಲ್ಲ. ಹೊಲ ನಿನ್ನ ಹೆಸರಿಗೆ ಹತ್ತಿದ್ದಕ್ಕೆ ಉತಾರದಲ್ಲಿ ದಿನ, ಸಹಿ, ಶಿಕ್ಕಾ ಎಲ್ಲ ಬೇಕು. ದೇವರ ಮಕ್ಕಳಾದದ್ದಕ್ಕೆ ಅಂಥ ಉತಾರ ತೋರಿಸು ಎಂದು ಯೇಸು ಯಾರನ್ನೂ ನಿಲ್ಲಿಸಿ ಕೇಳಲಿಲ್ಲ.

ಇನ್ನೊಂದು ಸಂಗತಿ ಗಮನಿಸು. ಪೌಲನ ಪತ್ರಿಕೆಗಳನ್ನು ಓದುತ್ತ ಹೋದರೆ ಒಂದು ಕಡೆ ರಕ್ಷಣೆ ಆಗಿಬಿಟ್ಟಿದೆ ಎನ್ನುತ್ತಾನೆ, ಇನ್ನೊಂದು ಕಡೆ ಆಗುತ್ತ ಇದೆ ಎನ್ನುತ್ತಾನೆ, ಮತ್ತೊಂದು ಕಡೆ ಮುಂದೆ ಆಗಲಿದೆ ಎನ್ನುತ್ತಾನೆ. ಮೂರೂ ನಿಜ. ಕ್ರಿಸ್ತನಲ್ಲಿ ದೇವರು ಮಾಡಬೇಕಾದದ್ದನ್ನು ಮಾಡಿ ಮುಗಿಸಿದ್ದಾನೆ. ಪವಿತ್ರಾತ್ಮ ನಿನ್ನೊಳಗೆ ಇಂದು ಕೆಲಸ ಮಾಡುತ್ತಿದ್ದಾನೆ. ಕಡೆಯ ದಿನ ಅದು ಪೂರ್ಣವಾಗುತ್ತದೆ. ಇಷ್ಟು ದೊಡ್ಡದನ್ನು ಒಂದು ಸಂಜೆಯ ಭಾವನೆಗೆ ಕಟ್ಟಿಹಾಕಬೇಡ.

ಇಷ್ಟು ಕೇಳಿ ಸಮಾಧಾನದಿಂದ ಕಾಲು ಚಾಚಿ ಮಲಗಲೂ ಬೇಡ. ನಿನ್ನ ಗೆಳೆಯರ ಪ್ರಶ್ನೆಯಲ್ಲಿ ನಮಗೆ ಬೇಕಾದ ಒಂದು ಪೆಟ್ಟು ಇದೆ. ನಮ್ಮಲ್ಲಿ ಅನೇಕರಿಗೆ ರಕ್ಷಣೆ ಎಂದರೆ ಮನೆತನದ ಹೆಸರು. ಅಜ್ಜ ಮಿಷನ್ ಶಾಲೆಯ ಮಾಸ್ತರರು, ಮುತ್ತಜ್ಜಿ ಬೆಟಗೇರಿಯ ಜರ್ಮನ್ ಆಸ್ಪತ್ರೆಯಲ್ಲಿ ನರ್ಸು, ಕುಟುಂಬಕ್ಕೆ ಧಾರವಾಡದ ಹೆಬಿಕ್ ಮೆಮೋರಿಯಲ್ ಚರ್ಚಿನಲ್ಲಿ ಒಂದು ಬೆಂಚು, ಕ್ರಿಸ್‌ಮಸ್ಸಿಗೆ ಓಣಿಗೆಲ್ಲ ಕರ್ಚೀಕಾಯಿ ಹಂಚುವ ರೂಢಿ. ಇವೆಲ್ಲ ಒಳ್ಳೆಯವೇ. ಆದರೆ ಅಬ್ರಹಾಮ ನಮ್ಮ ತಂದೆ ಎಂದು ಬೀಗುತ್ತಿದ್ದವರಿಗೆ ಸ್ನಾನಿಕನಾದ ಯೋಹಾನ ಏನು ಹೇಳಿದ ನೆನಪಿದೆಯೆ? ದೇವರು ಬೇಕೆಂದರೆ ಈ ಕಲ್ಲುಗಳಿಂದಲೇ ಅಬ್ರಹಾಮನಿಗೆ ಮಕ್ಕಳನ್ನು ಎಬ್ಬಿಸಬಲ್ಲ ಎಂದ. ಅಜ್ಜನ ನಂಬಿಕೆ ನಿನಗೆ ದಾರಿ ತೋರಿಸುತ್ತದೆ, ನಿನ್ನ ಬದಲಿಗೆ ನಡೆಯುವುದಿಲ್ಲ.

ಆ ಹಿರಿಯರು ಕೊಟ್ಟ ಬೆಲೆ ನಿನಗೆ ಗೊತ್ತಿರಬೇಕು. 1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಷನ್‌ಗಳಿಗೂ ಈ ದೇಶದ ಬಾಗಿಲು ತೆರೆಯಿತು. ಮರುವರ್ಷ 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, ಹೀಗೆ ಘಟ್ಟದ ಮೇಲೆ ಕೇಂದ್ರಗಳಾದವು. ಆ ಮೊದಲ ವರ್ಷಗಳಲ್ಲಿ ಹುಬ್ಬಳ್ಳಿಯ ಸುತ್ತಲಿನ ಹಳ್ಳಿಗಳಿಂದ ಕಾಲಜ್ಞಾನವನ್ನು ನಂಬಿದ ಜನ ಮಿಷನರಿಗಳನ್ನು ಹುಡುಕಿಕೊಂಡು ಬಂದರು. ಹೊಸ ಕಾಲವೊಂದು ಬರಲಿದೆ ಎಂಬ ನಿರೀಕ್ಷೆ ಅವರದು. ಸಾವಿರಾರು ಜನ ಸಭೆಗೆ ಸೇರುತ್ತಾರೆಂದು ಮಿಷನರಿಗಳೂ ಆಸೆ ಇಟ್ಟುಕೊಂಡರು. ಹಾಗೆ ಆಗಲಿಲ್ಲ. ಭವಿಷ್ಯದ ಮಾತು ಕೇಳಿ ಜನ ಗುಂಪಾಗಿ ಬರಬಹುದು, ಆದರೆ ಪಾಪವನ್ನು ಒಪ್ಪಿಕೊಂಡು ದೇವರ ಕಡೆಗೆ ತಿರುಗುವಾಗ ಪ್ರತಿಯೊಬ್ಬರೂ ಒಂಟಿಯಾಗಿ ತಿರುಗಬೇಕು.

ಒಂಟಿಯಾಗಿ ತಿರುಗಿದವರ ಕಷ್ಟ ಕೇಳು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕದಡಿತು. ಹೆಂಡತಿ ಅವರ ಜೊತೆ ಬರಲಿಲ್ಲ. ಮುಂದೆ ಅವರು ಬಾಸೆಲ್‌ನಲ್ಲಿ ಓದಿ ಬಂದು ಸಭಾಪಾಲಕರಾದರು. ಆ ಕಾಲದಲ್ಲಿ ಧರ್ಮ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಸಿಗುತ್ತಿರಲಿಲ್ಲ. ಜಾತಿ ಅಥವಾ ಧರ್ಮ ಬಿಟ್ಟ ಕಾರಣಕ್ಕೆ ಹಕ್ಕು ಹೋಗಕೂಡದು ಎಂಬ ಕಾಯಿದೆ ಬಂದದ್ದು 1850ರಲ್ಲಿ. ಕಾಯಿದೆ ಬಂದ ಮೇಲೂ ಮನೆಯ ಬಾಗಿಲು ತೆರೆಯಿತೆಂದು ತಿಳಿಯಬೇಡ. ಮಿಷನರಿಗಳೂ ಬಂದವರನ್ನೆಲ್ಲ ಕೂಡಲೇ ನೀರಿಗೆ ಇಳಿಸುತ್ತಿರಲಿಲ್ಲ. ತಿಂಗಳುಗಟ್ಟಲೆ ಕಲಿಸಿ, ಪ್ರಶ್ನೆ ಕೇಳಿ, ನಡತೆ ನೋಡಿ, ಆಮೇಲೆ ದೀಕ್ಷಾಸ್ನಾನ. ಸಭೆಯೊಳಗೆ ಜಾತಿ ಇಟ್ಟುಕೊಳ್ಳಕೂಡದೆಂಬ ವಿಷಯದಲ್ಲಿ ಅವರು ಬಹಳ ಬಿಗಿ. ಆ ಬಿಗಿಯನ್ನು ನಾವು ಸಡಿಲ ಮಾಡಿದ್ದೇವೆ. ಮದುವೆಯ ಮಾತುಕತೆ ಬಂದಾಗ ‘ಅವರು ಮೊದಲು ಯಾವ ಜನ’ ಎಂದು ಮೆಲ್ಲಗೆ ವಿಚಾರಿಸುವ ರೂಢಿ ನಮ್ಮ ಸಭೆಗಳಲ್ಲಿ ಇನ್ನೂ ಇದೆ. ರಕ್ಷಣೆ ಹೊಂದಿದ ಜನಕ್ಕೆ ಇದು ತಕ್ಕದ್ದಲ್ಲ ಎಂದು ನಿನಗೆ ಈಗಲೇ ಹೇಳಿಬಿಡುತ್ತೇನೆ. ನಿನ್ನ ಮದುವೆಯ ಹೊತ್ತಿಗೆ ನೆನಪಿರಲಿ.

ಎಲ್ಲರೂ ಕೌಂಡಿನ್ಯರಂತೆ ಓದಿ ತರ್ಕಿಸಿ ಬಂದವರಲ್ಲ. 1876ರಿಂದ 78ರವರೆಗಿನ ದೊಡ್ಡ ಬರ, ಧಾತು ಈಶ್ವರ ಸಂವತ್ಸರಗಳ ಬರ, ಈ ಸೀಮೆಯನ್ನೇ ಬರಿದು ಮಾಡಿತು. ತಂದೆ ತಾಯಿ ಸತ್ತ ಮಕ್ಕಳನ್ನು ಮಿಷನ್ನಿನವರು ತಂದು ಸಾಕಿದರು, ಓದಿಸಿದರು, ಕಸುಬು ಕಲಿಸಿದರು. ಆ ಮಕ್ಕಳ ಮೊಮ್ಮಕ್ಕಳು, ಮರಿಮಕ್ಕಳು ಇಂದು ನಮ್ಮ ಸಭೆಗಳಲ್ಲಿ ಇದ್ದಾರೆ. ‘ಗಂಜಿಗಾಗಿ ಹೋದವರು’ ಎಂಬ ಕುಹಕ ಮಾತು ಕಾಲೇಜಿನಲ್ಲಿ ನಿನ್ನ ಕಿವಿಗೂ ಬಿದ್ದಿರಬಹುದು. ತಲೆ ತಗ್ಗಿಸಬೇಡ. ಲೂಕನ ಸುವಾರ್ತೆಯ 15ನೆಯ ಅಧ್ಯಾಯ ತೆಗೆ. ತಪ್ಪಿಹೋದ ಮಗ ಮನೆಯ ದಾರಿ ಹಿಡಿದದ್ದು ಯಾವಾಗ? ದೇಶದಲ್ಲಿ ಬರ ಬಿದ್ದಾಗ. ಹಂದಿಗೆ ಹಾಕುವ ಕಾಯಿಯನ್ನಾದರೂ ತಿಂದು ಹೊಟ್ಟೆ ತುಂಬಿಸಿಕೊಳ್ಳೋಣ ಅನ್ನಿಸಿದಾಗ, ಅಪ್ಪನ ಮನೆಯ ಕೂಲಿಯಾಳಿಗೂ ಬೇಕಾದಷ್ಟು ರೊಟ್ಟಿ ಇದೆಯಲ್ಲ ಎಂದು ನೆನಪಾದಾಗ. ಅವನನ್ನು ಎಬ್ಬಿಸಿ ನಡೆಸಿದ್ದು ಹಸಿವೆ. ಅವನು ದಾರಿಯಲ್ಲಿ ಕಟ್ಟಿಕೊಂಡು ಬಂದ ಕ್ಷಮೆಯ ಮಾತನ್ನು ತಂದೆ ಪೂರ್ತಿ ಹೇಳಲೂ ಬಿಡಲಿಲ್ಲ. ನಿನಗೆ ನನ್ನ ಮೇಲೆ ಪ್ರೀತಿಯೋ ರೊಟ್ಟಿಯ ಮೇಲೆ ಪ್ರೀತಿಯೋ ಎಂದು ಕೇಳಲೂ ಇಲ್ಲ. ಓಡಿ ಬಂದು ಅಪ್ಪಿಕೊಂಡ. ಹೊಟ್ಟೆ ತುಂಬಿದ್ದ ಹಿರಿಯ ಮಗ ಹೊರಗೇ ನಿಂತ. ನಮ್ಮ ಹಿರಿಯರು ಹಸಿದು ಬಂದಿದ್ದರೆ ಬಂದರು. ತಂದೆ ಅವರನ್ನು ಒಳಗೆ ಕರೆದುಕೊಂಡ. ಇದಕ್ಕಿಂತ ದೊಡ್ಡ ಮಾನ ನನಗೆ ಗೊತ್ತಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಯಾವುದರಿಂದ ರಕ್ಷಣೆ? ಸತ್ತ ಮೇಲೆ ಬೆಂಕಿಗೆ ಬೀಳುವುದರಿಂದ ಎಂದಷ್ಟೇ ಹೇಳುವವರು ಅರ್ಧ ಹೇಳುತ್ತಾರೆ. ಪಾಪ ಎಂದರೆ ಕುಡಿತ, ಕಳವು, ಸುಳ್ಳು ಇಷ್ಟೇ ಅಲ್ಲ. ದೇವರಿಗೆ ಬೆನ್ನು ತಿರುಗಿಸಿ, ನನ್ನ ಬದುಕಿಗೆ ನಾನೇ ಒಡೆಯ ಎಂದು ಬದುಕುವ ರೀತಿಯೇ ಪಾಪ. ಅದರಿಂದ ಹುಟ್ಟಿದ್ದು ಉಳಿದದ್ದೆಲ್ಲ. ಬೇಕಾದ ಒಳ್ಳೆಯದನ್ನು ಮಾಡಲಾರೆ, ಬೇಡದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಪೌಲ ಗೋಳಾಡಿದ್ದು ತನ್ನ ಅನುಭವದಿಂದ. ನಿನ್ನ ಅನುಭವವೂ ಬೇರೆಯಲ್ಲ, ನನ್ನದೂ ಅಲ್ಲ. ಈ ಕಟ್ಟಿನಿಂದ, ಅದರ ಅಪರಾಧದಿಂದ, ಅದರ ಕೊನೆಯಾದ ಮರಣದಿಂದ ಬಿಡಿಸಿ, ದೇವರ ಜೊತೆ ಮಕ್ಕಳಾಗಿ ಬದುಕುವ ಹಾಗೆ ಮಾಡುವುದೇ ರಕ್ಷಣೆ. ಆ ನಿತ್ಯಜೀವ ಸ್ಮಶಾನದ ಆಚೆಗೆ ಶುರುವಾಗುವುದಲ್ಲ, ಇಲ್ಲಿಯೇ ಶುರುವಾಗುತ್ತದೆ.

ಶಿಲುಬೆ ಯಾಕೆ ಬೇಕಾಯಿತು, ದೇವರು ಸುಮ್ಮನೆ ಕ್ಷಮಿಸಿಬಿಡಬಾರದಿತ್ತೆ ಎಂದು ನೀನು ದೃಢೀಕರಣದ ಪಾಠದಲ್ಲಿ ಕೇಳಿದ್ದು ನನಗೆ ನೆನಪಿದೆ. ಒಳ್ಳೆಯ ಪ್ರಶ್ನೆ. ಮತ್ತಾಯನ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಲಗಾರನ ಕಥೆಯಲ್ಲಿ ಇದಕ್ಕೆ ಉತ್ತರವಿದೆ. ಅರಸನಿಗೆ ಆ ಆಳು ಕೊಡಬೇಕಾಗಿದ್ದದ್ದು ಹತ್ತು ಸಾವಿರ ತಲಾಂತು. ಒಂದು ತಲಾಂತು ಎಂದರೆ ಸುಮಾರು 6,000 ದಿನದ ಕೂಲಿ. ಗುಣಿಸಿ ನೋಡು, 6 ಕೋಟಿ ದಿನದ ಕೂಲಿ! ಅವನು ಕಾಲಿಗೆ ಬಿದ್ದು ಸ್ವಲ್ಪ ತಾಳಿರಿ, ಎಲ್ಲವನ್ನೂ ತೀರಿಸುತ್ತೇನೆ ಎಂದ. ಪಾಪ, ಎಷ್ಟು ಜನ್ಮ ದುಡಿದು ತೀರಿಸುತ್ತಿದ್ದನೋ! ಅರಸ ಕರುಣೆಗೊಂಡು ಸಾಲವನ್ನೇ ಬಿಟ್ಟುಬಿಟ್ಟ. ಇಲ್ಲಿ ನಿಂತು ಯೋಚಿಸು. ಸಾಲ ಬಿಟ್ಟರೆ ಆ ಹಣ ಎಲ್ಲಿ ಹೋಯಿತು? ಅರಸನ ಬೊಕ್ಕಸದಿಂದ ಹೋಯಿತು. ನಷ್ಟ ಅವನದು. ಕ್ಷಮಿಸುವವನು ನಷ್ಟವನ್ನು ತನ್ನ ಮೇಲೆ ಹಾಕಿಕೊಳ್ಳದೆ ಕ್ಷಮೆ ಇಲ್ಲ. ಶಿಲುಬೆಯ ಮೇಲೆ ದೇವರು ತನ್ನ ಮಗನಲ್ಲಿ ನಮ್ಮ ನಷ್ಟವನ್ನು ತಾನೇ ಹೊತ್ತ. ಸಿಟ್ಟಿಗೆದ್ದ ದೇವರನ್ನು ಯಾರೋ ಮೂರನೆಯವರು ಸಮಾಧಾನ ಮಾಡಿದರೆಂದು ತಿಳಿಯಬೇಡ. ಕೊಟ್ಟವನೂ ದೇವರೇ, ಹೊತ್ತವನೂ ದೇವರೇ.

ನಮ್ಮ ಊರುಗಳಲ್ಲಿ ಬದುಕಿದ ಮಿಷನರಿ ಫರ್ಡಿನಾಂಡ್ ಕಿಟೆಲ್‌ರು ಈ ವಿಷಯವನ್ನು ನಮ್ಮ ಜನರಿಗೆ ತಿಳಿಯುವ ಹಾಗೆ ಹೇಳಲು ಬಹಳ ಕಷ್ಟಪಟ್ಟರು. ಅವರ ಹೆಸರು ಹೇಳಿದರೆ ಎಲ್ಲರೂ 1894ರ ನಿಘಂಟನ್ನು ಮಾತ್ರ ನೆನೆಯುತ್ತಾರೆ. ಅದಕ್ಕೂ ಮೊದಲೇ 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂದು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದ್ದರು. 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಪುಸ್ತಕದಲ್ಲಿ ವೇದಕಾಲದ ಯಜ್ಞದ ವಿಚಾರವನ್ನು ಎತ್ತಿಕೊಂಡು ಕ್ರಿಸ್ತನ ಬಲಿಯ ಕಡೆಗೆ ಓದುಗರನ್ನು ನಡೆಸಿದರು. ಅವರ ವಾದವನ್ನೆಲ್ಲ ಇಂದು ಒಪ್ಪಬೇಕೆಂದಿಲ್ಲ. ಆದರೆ ಈ ನೆಲದ ಜನ ಬಲಿಯನ್ನು, ಕಾಣಿಕೆಯನ್ನು, ಹರಕೆಯನ್ನು ಅರಿತವರು; ಅವರ ಹತ್ತಿರ ಪರದೇಶದ ತರ್ಕ ಹೊತ್ತು ಹೋಗುವ ಮೊದಲು ಅವರಿಗೆ ಗೊತ್ತಿದ್ದದ್ದನ್ನು ಕಲಿಯಬೇಕು ಎಂದು ಕಂಡುಕೊಂಡರಲ್ಲ, ಆ ಗೌರವ ನಮಗೂ ಬೇಕು. ಇನ್ನು ಮುಂದೆ ಬಲಿಯೇ ಬೇಡ, ಒಂದೇ ಸಲಕ್ಕೆ ಎಲ್ಲರಿಗಾಗಿ ಆಗಿಹೋಗಿದೆ ಎಂಬುದು ಇಬ್ರಿಯರ ಪತ್ರಿಕೆಯ ತಿರುಳು. ಹರಕೆ ತೀರಿಸುವ ಭಯದಲ್ಲಿ ಬದುಕುವವನಿಗೆ ಇದು ಎಂಥ ಬಿಡುಗಡೆ!

ಹಾಗಾದರೆ ನಾನು ಮಾಡಬೇಕಾದದ್ದೇನು ಎಂದು ನೀನು ಕೇಳುತ್ತೀ. ಇದೇ ಪ್ರಶ್ನೆಯನ್ನು ನೇರವಾಗಿ ಕೇಳಿದ ಒಬ್ಬ ಮನುಷ್ಯ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದ್ದಾನೆ. ಫಿಲಿಪ್ಪಿ ಪಟ್ಟಣದ ಸೆರೆಮನೆಯ ಯಜಮಾನ. ಆ ದಿನ ಪೌಲ ಸೀಲರನ್ನು ಬೆತ್ತದಿಂದ ಹೊಡೆದು ಅವನ ವಶಕ್ಕೆ ಕೊಟ್ಟಿದ್ದರು. ಅವನು ಅವರನ್ನು ಒಳಗಿನ ಕೋಣೆಗೆ ದಬ್ಬಿ, ಕಾಲಿಗೆ ಕೋಳ ಹಾಕಿ, ಹೋಗಿ ಮಲಗಿದ. ಬೆನ್ನ ಮೇಲಿನ ಗಾಯ ಹಾಗೇ ಬಿಟ್ಟ. ನಡುರಾತ್ರಿ ಅವರು ಹಾಡುತ್ತಿದ್ದಾಗ ಭೂಮಿ ನಡುಗಿ ಬಾಗಿಲುಗಳೆಲ್ಲ ತೆರೆದವು. ಕೈದಿಗಳು ಓಡಿಹೋಗಿದ್ದಾರೆ, ಇನ್ನು ನನ್ನ ಗತಿ ಮುಗಿಯಿತು ಎಂದು ಅವನು ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಟ. ಪೌಲ ಕತ್ತಲೆಯೊಳಗಿಂದ ಕೂಗಿ ತಡೆದ: ಏನೂ ಮಾಡಿಕೊಳ್ಳಬೇಡ, ನಾವೆಲ್ಲ ಇಲ್ಲೇ ಇದ್ದೇವೆ.

ಅವನಿಗೆ ಸಿಕ್ಕ ಮೊದಲ ರಕ್ಷಣೆ ತನ್ನ ಕತ್ತಿಯಿಂದಲೇ, ಮತ್ತು ಅದು ಬಂದದ್ದು ಅವನೇ ನೋಯಿಸಿದವನ ಬಾಯಿಂದ. ಪರೀಕ್ಷೆ, ನೌಕರಿ, ಸಾಲ, ಪ್ರೀತಿ ಎಂದು ಎದೆಗುಂದಿದ ಹುಡುಗ ಹುಡುಗಿಯರು ನಮ್ಮ ಧಾರವಾಡದ ರೂಮುಗಳಲ್ಲಿ, ಪಿಜಿಗಳಲ್ಲಿ ಬಹಳ ಜನ ಇದ್ದಾರೆ. ರಕ್ಷಣೆಯ ಬಗ್ಗೆ ಅವರ ಜೊತೆ ಮಾತಾಡುವುದಿದ್ದರೆ ಪೌಲನ ಆ ಮೊದಲ ಕೂಗಿನಿಂದ ಶುರು ಮಾಡು. ಜೊತೆಗೆ ಕೂತಿರು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನರಕದ ಬೆದರಿಕೆಯಿಂದ ಶುರು ಮಾಡಬೇಡ.

ಆ ಮೇಲೆ ಅವನು ದೀಪ ತರಿಸಿ ನಡುಗುತ್ತ ಬಂದು, ರಕ್ಷಣೆ ಹೊಂದಲು ನಾನೇನು ಮಾಡಬೇಕು ಎಂದು ಕೇಳಿದ. ಬಂದ ಉತ್ತರ ಬಹಳ ಚಿಕ್ಕದು. ಕರ್ತನಾದ ಯೇಸುವಿನ ಮೇಲೆ ನಂಬಿಕೆಯಿಡು ಎಂಬಷ್ಟೇ. ಇಷ್ಟು ಉಪವಾಸ, ಇಷ್ಟು ದಾನ, ಇಷ್ಟು ದಿನದ ಒಳ್ಳೆಯ ನಡತೆ ಎಂದು ಷರತ್ತು ಹಾಕಲಿಲ್ಲ. ನಂಬುವುದು ಎಂದರೆ ಯೇಸು ಇದ್ದ ಎಂದು ಒಪ್ಪುವುದಲ್ಲ, ಅದನ್ನು ದೆವ್ವಗಳೂ ಒಪ್ಪುತ್ತವೆ ಎಂದು ಯಾಕೋಬ ಹೇಳುತ್ತಾನೆ. ನನ್ನನ್ನು ನಾನು ಉಳಿಸಿಕೊಳ್ಳಲಾರೆ, ನೀನು ಉಳಿಸಬಲ್ಲೆ, ನಿನಗೆ ನನ್ನನ್ನು ಒಪ್ಪಿಸಿದ್ದೇನೆ ಎಂದು ಭಾರವನ್ನೆಲ್ಲ ಅವನ ಮೇಲೆ ಹಾಕುವುದು ನಂಬಿಕೆ. ಇದರೊಳಗೇ ಪಶ್ಚಾತ್ತಾಪವೂ ಇದೆ. ಇಷ್ಟು ದಿನ ಹೋಗುತ್ತಿದ್ದ ದಿಕ್ಕು ತಪ್ಪು ಎಂದು ಒಪ್ಪಿ ತಿರುಗದೆ ಯಾರೂ ಹೀಗೆ ಒಪ್ಪಿಸಿಕೊಳ್ಳಲಾರರು.

ಮುಂದೆ ಲೂಕನು ಬರೆದ ಒಂದು ಸಾಲನ್ನು ನಾವು ಓದಿ ದಾಟಿಬಿಡುತ್ತೇವೆ. ಆ ಯಜಮಾನ ಅದೇ ರಾತ್ರಿ, ಅದೇ ಹೊತ್ತಿನಲ್ಲಿ, ಅವರ ಗಾಯಗಳನ್ನು ತೊಳೆದ. ಆಮೇಲೆ ತನ್ನವರೆಲ್ಲರ ಸಂಗಡ ದೀಕ್ಷಾಸ್ನಾನ ಹೊಂದಿ, ಅವರನ್ನು ಮನೆಗೆ ಕರೆದೊಯ್ದು ಊಟಕ್ಕಿಟ್ಟ. ಗಾಯ ತೊಳೆ ಎಂದು ಪೌಲ ಹೇಳಿದನೆಂದು ಲೂಕ ಬರೆದಿಲ್ಲ. ಸಂಜೆ ಕೋಳ ಹಾಕಿದ ಕೈಗೆ ಸಂಜೆ ಆ ಗಾಯ ಕಂಡಿರಲಿಲ್ಲ, ನಡುರಾತ್ರಿ ಕಂಡಿತು. ತಾರೀಖು ಕೇಳುವವರಿಗೆ ನಾನು ತೋರಿಸುವುದು ಇದನ್ನೇ. ನಿನ್ನ ಕೈಯಿಂದಾದ ಗಾಯ ನಿನಗೆ ಕಾಣತೊಡಗಿದೆಯೆ? ತೊಳೆಯಬೇಕೆಂದು ಕೈ ಮುಂದೆ ಬರುತ್ತಿದೆಯೆ? ಹಾಗಿದ್ದರೆ ದೇವರ ಕೆಲಸ ನಿನ್ನಲ್ಲಿ ನಡೆಯುತ್ತಿದೆ, ಶುರುವಾದ ದಿನ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ.

ಸುಂಕದ ಜಕ್ಕಾಯನೂ ಹಾಗೆಯೇ. ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂದದ್ದು ಮೊದಲು, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಅವನು ಎದ್ದು ನಿಂತು ಹೇಳಿದ್ದು ಆಮೇಲೆ. ಕೃಪೆ ಮುಂದೆ, ಲೆಕ್ಕ ಚುಕ್ತಾ ಮಾಡುವುದು ಹಿಂದೆ. ಎಫೆಸದವರಿಗೆ ಪೌಲ ಇದನ್ನೇ ಬಿಡಿಸಿ ಹೇಳಿದ: ರಕ್ಷಣೆ ಬರುವುದು ಕೃಪೆಯಿಂದ, ನಂಬಿಕೆಯ ಮೂಲಕ, ಯಾರೂ ಹೊಗಳಿಕೊಳ್ಳುವ ಹಾಗಿಲ್ಲ. ಮುಂದಿನ ಉಸಿರಿನಲ್ಲೇ, ಒಳ್ಳೆಯ ಕೆಲಸಕ್ಕಾಗಿಯೇ ನಮ್ಮನ್ನು ಹೊಸದಾಗಿ ಮಾಡಿದ್ದಾನೆ ಎಂದ. ಈ ಎರಡು ಮಾತುಗಳನ್ನು ಬೇರೆ ಮಾಡಿ ಕ್ರೈಸ್ತರು ಶತಮಾನಗಟ್ಟಲೆ ಜಗಳ ಆಡಿದರು. 1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗಿನಲ್ಲಿ ಲೂಥರ್ ಎತ್ತಿದ ಪ್ರಶ್ನೆಯೂ ಹಣಕ್ಕೆ ಮಾರುತ್ತಿದ್ದ ಪಾಪವಿಮೋಚನೆಯ ಚೀಟಿಗಳದ್ದೇ. 1999ರಲ್ಲಿ ಅದೇ ಅಕ್ಟೋಬರ್ 31ರಂದು ಲೂಥರನ್ ಸಭೆಗಳ ಒಕ್ಕೂಟವೂ ಕಥೋಲಿಕ ಸಭೆಯೂ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕೂತು, ನಮ್ಮನ್ನು ದೇವರು ಸ್ವೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕ್ರಿಸ್ತನ ಕೃಪೆಯಿಂದ ಎಂಬ ಒಪ್ಪಿಗೆಯ ಹೇಳಿಕೆಗೆ ಸಹಿ ಹಾಕಿದವು. 2006ರಲ್ಲಿ ಮೆಥಡಿಸ್ಟರೂ ಸೇರಿದರು. ಉಳಿದ ಭೇದಗಳು ಇನ್ನೂ ಇವೆ, ಆದರೆ ನಿನ್ನ ಕಥೋಲಿಕ ಗೆಳೆಯನ ಜೊತೆ ಈ ಹಳೆಯ ಜಗಳವನ್ನು ನೀನು ಹೊಸದಾಗಿ ಶುರು ಮಾಡಬೇಕಾಗಿಲ್ಲ.

ಶಿಲುಬೆಯ ಪಕ್ಕದ ಕಳ್ಳನನ್ನೂ ಮರೆಯಬೇಡ. ಅವನಿಗೆ ದೀಕ್ಷಾಸ್ನಾನವಿಲ್ಲ, ಸಭೆಯಿಲ್ಲ, ತಿದ್ದಿಕೊಳ್ಳಲು ಒಂದು ದಿನವೂ ಉಳಿದಿರಲಿಲ್ಲ. ನನ್ನನ್ನು ನೆನಸಿಕೋ ಎಂದು ಬೇಡಿದ, ಅಂದೇ ಪರದೈಸಿನ ಮಾತು ಸಿಕ್ಕಿತು. ಆದರೆ ದಿನಗಳಿರುವವರು ಕಳ್ಳನ ಹೆಸರು ಹೇಳಿ ದೀಕ್ಷಾಸ್ನಾನ ಬೇಡ, ಪ್ರಭುಭೋಜನ ಬೇಡ, ಸಭೆ ಬೇಡ ಎನ್ನಬಾರದು. ಒಬ್ಬನೇ ಮೊಬೈಲಿನಲ್ಲಿ ಪ್ರಸಂಗ ಕೇಳಿಕೊಂಡು ಕ್ರೈಸ್ತನಾಗಿ ಉಳಿಯುತ್ತೇನೆ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ನಿನ್ನ ಸಿಟ್ಟು, ನಿನ್ನ ಜಂಬ ನಿನಗೆ ಗೊತ್ತಾಗುವುದು ನಾಲ್ಕು ಜನರ ನಡುವೆ ಕೂತಾಗ. ಲೂಥರ್ ಸಂಶಯ ಬಂದಾಗಲೆಲ್ಲ ತನಗೆ ದೀಕ್ಷಾಸ್ನಾನ ಆಗಿದೆ ಎಂದು ತನಗೇ ಹೇಳಿಕೊಳ್ಳುತ್ತಿದ್ದರಂತೆ. ಕೂಸಿದ್ದಾಗ ನಿನಗೆ ಆದದ್ದನ್ನು ಯಾರಾದರೂ ‘ಅದು ಲೆಕ್ಕಕ್ಕಿಲ್ಲ’ ಎಂದರೆ ಎದೆ ಒಡೆದುಕೊಳ್ಳಬೇಡ. ನೀನು ದೇವರನ್ನು ಅರಿಯುವ ಮೊದಲೇ ದೇವರು ನಿನ್ನನ್ನು ಕರೆದ ಎಂಬುದಕ್ಕೆ ಅದೇ ಗುರುತು. ಮೈ ಜುಮ್ಮೆನ್ನುವ ಭಾವನೆ ಬಂದರೆ ದೇವರಿಗೆ ಸ್ತೋತ್ರ ಹೇಳು, ಬರದಿದ್ದರೆ ಅದನ್ನು ಹುಡುಕುತ್ತ ಊರೂರು ತಿರುಗಬೇಡ. ನೀನು ಒಣಗಿದ ದಿನಗಳಲ್ಲೂ ಕ್ರಿಸ್ತ ಬದಲಾಗುವುದಿಲ್ಲ.

ನೆರೆಹೊರೆಯ ಮಾತು ಒಂದು ಉಳಿಯಿತು. ಎದುರು ಮನೆಯವರು ಸಿದ್ಧಾರೂಢ ಮಠಕ್ಕೆ ನಡೆದುಕೊಳ್ಳುವವರು, ಪಕ್ಕದವರು ದರ್ಗಾಕ್ಕೆ ಹೋಗುವವರು, ಇವರೆಲ್ಲರ ಗತಿ ಏನು ಎಂದು ನೀನು ತಡವರಿಸಿ ಕೇಳಿದೆ. ಕ್ರಿಸ್ತನಲ್ಲಿಯೇ ರಕ್ಷಣೆ ಎಂಬುದು ನನ್ನ ನಂಬಿಕೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ರಕ್ಷಣೆ ಹೊಂದುವವರು ಸ್ವಲ್ಪವೇ ಜನರೋ ಎಂದು ಒಬ್ಬ ಕೇಳಿದಾಗ ಯೇಸು ಸಂಖ್ಯೆ ಹೇಳಲಿಲ್ಲ, ಇಕ್ಕಟ್ಟಾದ ಬಾಗಿಲಿನಿಂದ ನೀವು ಒಳಗೆ ಹೋಗಲು ಹೆಣಗಿರಿ ಎಂದು ಕೇಳಿದವನ ಕಡೆಗೇ ಪ್ರಶ್ನೆಯನ್ನು ತಿರುಗಿಸಿದ. ನ್ಯಾಯಪೀಠದ ಮೇಲೆ ಕೂರುವವನು ಅವನು, ನಾವಲ್ಲ. ಕೇಳಿದವರಿಗೆ ನಿನ್ನ ನಂಬಿಕೆಯನ್ನು ನಯವಾಗಿ ಹೇಳು. ಆಮಿಷ ತೋರಿಸಿ, ಹೆದರಿಸಿ, ಅವರ ದೇವರನ್ನು ಹೀಯಾಳಿಸಿ ಹೇಳುವ ಸುವಾರ್ತೆ ಸುವಾರ್ತೆಯಲ್ಲ. ಅವರ ಕಷ್ಟಕ್ಕೆ ಮೊದಲು ಓಡಿ ಹೋಗುವವನು ನೀನಾಗಿರು.

ಇನ್ನು ನೀನು ಮಾಡಬೇಕಾದದ್ದು. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ ಇವೆ. ದಿನಕ್ಕೊಂದರಂತೆ ಓದು, ಓದುವ ಮೊದಲು ನಿನ್ನ ಮಾತಿನಲ್ಲೇ ಪ್ರಾರ್ಥಿಸು. ನಿನ್ನ ಪಾಪವನ್ನು ಹೆಸರು ಹಿಡಿದು ದೇವರಿಗೆ ಒಪ್ಪಿಸು, ಸುತ್ತಿ ಬಳಸಿ ಬೇಡ. ಕ್ಷಮೆ ಸಿಕ್ಕಿತೆಂದು ನಂಬು. ಸಂಶಯಗಳನ್ನು ಬರೆದುಕೊಂಡು ನಿಮ್ಮ ಅಯ್ಯನವರ ಹತ್ತಿರ ಹೋಗಿ ಕೂತು ಕೇಳು, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಯ ಪಾಲಿನ ವಿಷಯಕ್ಕೆ ನೀನೂ ನಿಮ್ಮಣ್ಣನೂ ಮಾತು ಬಿಟ್ಟಿದ್ದೀರಿ ಎಂದು ಅಕ್ಕ ಹೇಳಿದಳು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಯೇಸು ಹೇಳಿದ್ದು ನಿನಗೆ ಗೊತ್ತೇ ಇದೆ. ಬರುವ ತಿಂಗಳ ಮೊದಲ ಭಾನುವಾರ ಪ್ರಭುಭೋಜನ ಇದೆ. ಅಷ್ಟರೊಳಗೆ ಅಣ್ಣನ ಮನೆಗೆ ಹೋಗಿ ಬಾ.